ಅಡುಗೆಯಮ್ಮನಿಗಾಗಿ ಬಾಯಿಬಿಟ್ಟ ಶುಕ್ರವಾರ

ದಾವಣಗೆರೆ ಮಂಡಿಪೇಟೆಯ ನಮ್ಮ ಅಂಗಡಿಯಲ್ಲಿ ಸಂಜೆ ನೆಲ ಗುಡಿಸುವಾಗ ಒಂದು ಘಾಟು ಏಳುತ್ತದೆ. ದಿನವಿಡೀ ಚೀಲಗಳಿಂದ ಉದುರಿದ ಮೆಣಸಿನಕಾಯಿ ಬೀಜ, ಕೊತ್ತಂಬರಿ ಕಾಳು, ಹುಣಸೆಯ ನಾರು, ಧೂಳು ಎಲ್ಲ ಸೇರಿದ ಘಾಟು. ಮದುವೆಯಾದಾಗಿನಿಂದ ಇಲ್ಲೇ ಲೆಕ್ಕ ಬರೆಯುವ ನನಗೆ ಅದು ಮೂಗಿಗೆ ತಟ್ಟುವುದೇ ಇಲ್ಲ. ಆದರೆ ಮೊನ್ನೆ ಹೊಸದಾಗಿ ಸೇರಿದ ಹಮಾಲ ಗುಡಿಸಿದ್ದನ್ನೆಲ್ಲ ಬಾಚಿಕೊಂಡು ಬೀದಿಯ ತೊಟ್ಟಿಗೆ ಸುರಿಯಲು ಹೊರಟಾಗ, ಘಾಟು ನೇರ ಗಂಟಲಿಗೆ ಬಂತು. ಚೆಲ್ಲಬೇಡ, ತೆಗೆದಿಡು ಎಂದುಬಿಟ್ಟೆ. ಯಾರಿಗೆ ಎಂದು ಅವನು ಕೇಳಿದ. ಅದನ್ನು ಕೊಳ್ಳಲು ಬರುತ್ತಿದ್ದ ಹೆಂಗಸು ಬರುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು...

ಆಕೆ ಹರಿಹರದ ಒಂದು ಬಾಲಕಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಎಲ್ಲರೂ ಅಡುಗೆಯಮ್ಮ ಎನ್ನುತ್ತಿದ್ದರು. ಗಂಡ ತೀರಿಹೋಗಿದ್ದ, ಹಾಸಿಗೆ ಹಿಡಿದ ಅತ್ತೆ ಮನೆಯಲ್ಲಿದ್ದಳು. ನಾನು ಹುಟ್ಟಿದ್ದು ದಾವಣಗೆರೆಯಾದರೂ ಮದುವೆಯಾಗಿ ಹೋದದ್ದು ಹರಿಹರಕ್ಕೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅಂಗಡಿಗೆ ಬರುವುದು, ಸಂಜೆ ಮರಳುವುದು. ಅಡುಗೆಯಮ್ಮನನ್ನು ಮೊದಲು ಕಂಡದ್ದು ಮಾತ್ರ ಅಂಗಡಿಯಲ್ಲಲ್ಲ, ಶುಕ್ರವಾರದ ಪ್ರಾರ್ಥನಾ ಕೂಟದಲ್ಲಿ.

ನಮ್ಮ ಬೀದಿಯ ಎಂಟು ಹತ್ತು ಮಂದಿ ಕ್ರೈಸ್ತ ಹೆಂಗಸರು ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಹಾಡು, ಬೈಬಲ್ ವಾಕ್ಯ, ಆಮೇಲೆ ಕಣ್ಣು ಮುಚ್ಚಿಕೊಂಡು ಚಾಪೆಯ ಸುತ್ತ ಸರದಿಯ ಪ್ರಾರ್ಥನೆ, ಕೊನೆಗೆ ಮಂಡಕ್ಕಿ ಮತ್ತು ಚಹಾ. ನನ್ನ ತವರಿನಲ್ಲಿ ಈ ರಗಳೆ ಇರಲಿಲ್ಲ. ಅಪ್ಪ ಊಟಕ್ಕೆ ಮುಂಚೆ ತಟ್ಟೆ ನೋಡುತ್ತ ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದರು, ಅಷ್ಟೇ ನಮ್ಮ ಮನೆಯ ಪ್ರಾರ್ಥನೆ. ನನ್ನ ಅತ್ತೆಯ ಗೊಣಗಾಟ ತಾಳಲಾರದೆ ಕೂಟಕ್ಕೆ ಹೋಗತೊಡಗಿದೆ.

ಕೂಟದ ಯಜಮಾನಿಕೆ ಒಬ್ಬ ಟೀಚರಮ್ಮನದು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಪಾಠ ಕೇಳಲು ಮಕ್ಕಳಿಲ್ಲದಂತಾಗಿ ದೇವರನ್ನು ಹಿಡಿದುಕೊಂಡಿದ್ದರು. ದೇವರನ್ನು ಶಾಲೆಯ ವಾರ್ಷಿಕೋತ್ಸವದ ಮುಖ್ಯ ಅತಿಥಿಯಂತೆ ಮೊದಲು ಬಿರುದುಬಾವಲಿಗಳಿಂದ ಸ್ವಾಗತಿಸುವರು, ಆಮೇಲೆ ಜಗತ್ತಿನ ವರದಿ ಒಪ್ಪಿಸುವರು, ಕೊನೆಗೆ ಕೋರಿಕೆಗಳು. ಅಷ್ಟರಲ್ಲಿ ನಮ್ಮ ಕಾಲು ಜೋಮು ಹಿಡಿದಿರುತ್ತಿತ್ತು. ಉಳಿದವರೆಲ್ಲ ಅವರನ್ನೇ ಅನುಕರಿಸುತ್ತಿದ್ದರು. ಮಧ್ಯಾಹ್ನ ಬದನೆಕಾಯಿಯವನ ಜನ್ಮ ಜಾಲಾಡಿದವಳು ಸಂಜೆ ಕಣ್ಣು ಮುಚ್ಚಿದ ಕೂಡಲೇ ಕೊಂಕಿಸಿದ ದನಿಯಲ್ಲಿ ಸಂಸ್ಕೃತ ಉದುರಿಸುತ್ತಿದ್ದಳು. ಒಬ್ಬಾಕೆ ಮೂರು ಮಾತಿಗೊಮ್ಮೆ ‘ಕರ್ತನೇ’ ಎನ್ನದೆ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಇನ್ನೊಬ್ಬಾಕೆ ಊರಿನ ಸುದ್ದಿಯನ್ನೆಲ್ಲ ದೇವರಿಗೆ ಮುಟ್ಟಿಸುತ್ತಿದ್ದಳು. ಅಂಗಡಿಯಲ್ಲಿ ನಮ್ಮ ಸಾವ್ಕಾರರು ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ತುಟಿ ಅಲ್ಲಾಡಿಸದೆ ಪೂಜೆ ಮುಗಿಸುವುದನ್ನು ನೋಡಿದ್ದೆ. ಅವರ ದೇವರಿಗೆ ಕಿವಿ ಚೆನ್ನಾಗಿತ್ತು.

ದಲ್ಲಾಳಿಗಳ ಬಾಯಿ ಮುಚ್ಚಿಸುವ ನನಗೆ ಮಾತಿನ ಭಯವೇನಿರಲಿಲ್ಲ. ಹೊಸದರಲ್ಲಿ ಒಂದು ಸಲ ಪ್ರಾರ್ಥಿಸಿಯೂ ಇದ್ದೆ. ದೇವರೇ, ಎಲ್ಲರಿಗೂ ಒಳ್ಳೇದು ಮಾಡಪ್ಪ ಎಂದು ಮುಗಿಸಿದ್ದೆ. ಚಹಾ ಕುಡಿಯುವಾಗ ಟೀಚರಮ್ಮ ಎಲ್ಲರ ಎದುರು ನಕ್ಕು, ಅದು ಪ್ರಾರ್ಥನೆಯಲ್ಲ, ಭಿಕ್ಷುಕರು ಹೇಳಿಹೋಗುವ ಹಾರೈಕೆ ಎಂದರು. ಅತ್ತೆಯೂ ನಕ್ಕಳು. ಆವತ್ತಿನಿಂದ ನಾನು ಅಲ್ಲಿ ಬಾಯಿ ಬಿಡಲಿಲ್ಲ. ಈ ಜನರ ನಡುವೆ ದೇವರನ್ನು ಕರೆಯುವುದೇ ನನಗೆ ಹೇಸಿಗೆ ಎನ್ನಿಸುತ್ತಿತ್ತು.

ಪ್ರಾರ್ಥಿಸಲು ಒಲ್ಲದವರು ಪಕ್ಕದವರ ಮೊಣಕಾಲು ಮುಟ್ಟಿ ಸರದಿ ದಾಟಿಸುವ ರೂಢಿಯಿತ್ತು. ಇಡೀ ಚಾಪೆಯಲ್ಲಿ ಹಾಗೆ ದಾಟಿಸುವವರು ಇಬ್ಬರೇ. ಅಡುಗೆಯಮ್ಮ ನನ್ನ ಮೊಣಕಾಲು ಮುಟ್ಟುತ್ತಿದ್ದಳು, ನಾನು ಮುಂದಿನವರದ್ದು. ಆಕೆಗೆ ನನ್ನ ಹಾಗೆ ತಾತ್ಸಾರವೇನೂ ಇರಲಿಲ್ಲ. ಬೆಳಗಿನ ಜಾವದಿಂದ ಮುದ್ದೆ ತಿರುವಿದ ದೇಹ, ಕಣ್ಣು ಮುಚ್ಚಿದ ಕೂಡಲೇ ನಿದ್ದೆ. ಟೀಚರಮ್ಮ ಜಗತ್ತಿನ ಯುದ್ಧಗಳನ್ನು ನಿಲ್ಲಿಸುತ್ತಿರುವಾಗ ನನ್ನ ಪಕ್ಕದಲ್ಲಿ ಸಣ್ಣ ಗೊರಕೆ ಕೇಳುತ್ತಿತ್ತು. ನಾನು ಮೊಣಕೈಯಿಂದ ತಿವಿದರೆ ಎಚ್ಚರಗೊಂಡು ಗಟ್ಟಿಯಾಗಿ ಆಮೆನ್ ಎನ್ನುತ್ತಿದ್ದಳು, ಅದೂ ಪ್ರಾರ್ಥನೆಯ ಅರ್ಧಕ್ಕೇ. ಆ ಕೂಟದಲ್ಲಿ ನನಗೆ ಇಷ್ಟವಾದ ಆಮೆನ್ ಅದೊಂದೇ. ನಮ್ಮಿಬ್ಬರ ಬಾಯಿ ಬಿಡಿಸಬೇಕೆಂದು ಟೀಚರಮ್ಮ ವಾರವಾರವೂ ದೇವರ ಮುಂದೆ ಅರ್ಜಿ ಹಾಕುತ್ತಿದ್ದರು.

ಅವರ ಅರ್ಜಿಗಳಲ್ಲಿ ಇನ್ನೊಂದು ಬಗೆಯೂ ಇತ್ತು. ಯಾರ ಮಗ ಕುಡಿದು ಬಂದ, ಯಾರ ಸೊಸೆ ತವರಿಗೆ ಹೋಗಿ ಕೂತಳು ಎಂಬುದನ್ನೆಲ್ಲ ಅವರು ಪ್ರಾರ್ಥನೆಯಲ್ಲೇ ಹೊರಗೆಡಹುತ್ತಿದ್ದರು. ಬೀದಿಯಲ್ಲಿ ಆಡಿದರೆ ಚಾಡಿ, ಕಣ್ಣು ಮುಚ್ಚಿ ಆಡಿದರೆ ಭಾರ ಹೊತ್ತ ಹೃದಯ. ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಕೇಳಿದರೆ, ನಾನು ಪ್ರಾರ್ಥಿಸಿದ್ದಷ್ಟೇ ಎಂದು ಕೈ ತೊಳೆದುಕೊಳ್ಳುವರು. ಮಾನ ಹೋದವಳು ಎಲ್ಲರ ಜೊತೆ ತಾನೂ ಆಮೆನ್ ಎಂದು ಮಂಡಕ್ಕಿ ತಿನ್ನಬೇಕು. ಇಷ್ಟು ಅನುಕೂಲದ ಏರ್ಪಾಡನ್ನು ನಾನು ಮಂಡಿಪೇಟೆಯಲ್ಲೂ ಕಂಡಿಲ್ಲ.

ಒಂದು ಶನಿವಾರ ಸಂಜೆ ಅಡುಗೆಯಮ್ಮ ನಮ್ಮ ಅಂಗಡಿಯ ಹಿಂಬಾಗಿಲಲ್ಲಿ ನಿಂತಿದ್ದಳು. ಗುಡಿಸಿದ ಮಾಲನ್ನು ಸಾವ್ಕಾರರು ಕಡಿಮೆ ಬೆಲೆಗೆ ಕೊಡುತ್ತಿದ್ದರು. ಸಾಮಾನ್ಯವಾಗಿ ತಳ್ಳುಗಾಡಿಯವರು ಒಯ್ಯುತ್ತಿದ್ದರು. ಆಕೆ ದೊಡ್ಡ ಸೀರೆ ಅಂಗಡಿಯದೊಂದು ಬಣ್ಣದ ಕೈಚೀಲವನ್ನು ಅದಕ್ಕೆಂದೇ ತಂದಿದ್ದಳು. ತಕ್ಕಡಿಯ ಈಚೆ ನಾನಿರುವುದನ್ನು ಕಂಡು ತಿರುಗಿ ಹೋಗಲು ನೋಡಿದಳು. ನಾನು ಕರೆದು ತೂಗಿ ಕೊಟ್ಟೆ. ಚೀಲದ ಬಾಯಿ ಕಟ್ಟುತ್ತ, ಮನೆಯಲ್ಲಿ ಕೇರಿ ತೊಳೆದು ಒಣಗಿಸಿದರೆ ತಿಂಗಳಿಗಾಗುತ್ತದೆ ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು.

“ಹರಿಹರದಾಗೆ ಯಾರಿಗೂ ಹೇಳ್ಬ್ಯಾಡ್ರಿ.”

ಹೇಳುವುದಿಲ್ಲ ಎಂದೆ. ಆಮೇಲೆ ತಿಂಗಳಿಗೊಂದು ಶನಿವಾರ ಬರುತ್ತಿದ್ದಳು. ಆಕೆಗೆಂದೇ ಒಳ್ಳೆಯ ಮೂಲೆಯಲ್ಲಿ ಗುಡಿಸಿದ್ದನ್ನು ಬೇರೆ ಇಡಿಸುತ್ತಿದ್ದೆ. ಹೊತ್ತಿದ್ದರೆ ಚಹಾ ತರಿಸುತ್ತಿದ್ದೆ. ಇಬ್ಬರೂ ಚೀಲಗಳ ಮೇಲೆ ಕೂತು ಕೂಟದವರನ್ನು ಆಡಿಕೊಂಡು ನಗುತ್ತಿದ್ದೆವು. ಹೆಚ್ಚು ನಗುತ್ತಿದ್ದವಳು ನಾನೇ. ಆಕೆ, ಪಾಪ, ಟೀಚರಮ್ಮ ಒಂಟಿ ಜೀವ, ಮಾತಾಡೋಕೆ ಮನೇಲಿ ಯಾರಿದಾರೆ ಎನ್ನುತ್ತಿದ್ದಳು. ಹರಿಹರದಲ್ಲಿ ನನಗಿದ್ದ ಒಬ್ಬಳೇ ಗೆಳತಿ ಆಕೆ. ಅದು ನನಗೆ ಆಗ ಅಷ್ಟಾಗಿ ತಿಳಿದಿರಲಿಲ್ಲ...

ಆ ಶುಕ್ರವಾರ ಕೂಟ ಟೀಚರಮ್ಮನ ಮನೆಯಲ್ಲಿತ್ತು. ಅವರ ಕಿಟಕಿಗೆ ಅಡುಗೆಯಮ್ಮನ ಬಾಗಿಲೂ ಅಲ್ಲಿ ಒಣಹಾಕಿದ ಮೆಣಸಿನಕಾಯಿಯೂ ಕಾಣುತ್ತಿದ್ದವು. ಹಾಸ್ಟೆಲಿನ ವಾರ್ಡನ್ ಅಮ್ಮನೂ ಬಂದಿದ್ದರು. ಅಡುಗೆಯವರನ್ನು ಇಟ್ಟುಕೊಳ್ಳುವುದು ಬಿಡುವುದು ಅವರ ಕೈಯಲ್ಲೇ ಇತ್ತು. ಟೀಚರಮ್ಮ ಎಂದಿನಂತೆ ಮೊದಲು ಶುರುಮಾಡಿದರು. ಬಿರುದುಗಳಾದವು, ಜಗತ್ತಾಯಿತು. ಆಮೇಲೆ ದನಿ ತಗ್ಗಿತು. ಅವರ ದನಿ ತಗ್ಗಿದರೆ ಯಾರದೋ ಗ್ರಹಚಾರ ಎಂದು ಎಲ್ಲರಿಗೂ ಗೊತ್ತಿತ್ತು.

“ಸರ್ವಜ್ಞನಾದ ದೇವರೇ, ಬಡ ಮಕ್ಕಳ ಅನ್ನದ ಪಾತ್ರೆಗೆ ಕೈಯಿಕ್ಕಿ, ಶನಿವಾರದ ಸಂಜೆಗಳಲ್ಲಿ ಮೆಣಸಿನಕಾಯಿ ಕೊತ್ತಂಬರಿಗಳನ್ನು ಚೀಲದಲ್ಲಿ ಅಡಗಿಸಿ ಮನೆಗೆ ಒಯ್ಯುವ ನಿನ್ನ ದಾಸಿಯನ್ನು ಕ್ಷಮಿಸು. ಆಕೆಯನ್ನು ಆ ಶೋಧನೆಯ ಸ್ಥಳದಿಂದ ಬಿಡಿಸು.”

ಪಾಪಕ್ಕೆ ಸೆಳೆಯುವ ಆ ಸ್ಥಳ ಎಂದರೆ ಹಾಸ್ಟೆಲಿನ ಅಡುಗೆಮನೆ. ವಾರ್ಡನ್ ಅಮ್ಮ ಹೂಂಗುಟ್ಟಿದ್ದು ಕೇಳಿಸಿತು. ನಾನು ಕಣ್ಣು ತೆರೆದೆ. ಅಡುಗೆಯಮ್ಮ ಆವತ್ತು ನಿದ್ದೆ ಮಾಡಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕುತ್ತಿಗೆ ತಗ್ಗಿಸಿದ್ದಳು. ಸರದಿ ಚಾಪೆಯ ಸುತ್ತ ಬಂತು. ಪ್ರತಿಯೊಬ್ಬರೂ ತಮ್ಮ ಪ್ರಾರ್ಥನೆಯಲ್ಲಿ ಆ ದಾಸಿಗಾಗಿ ಒಂದೊಂದು ಮಾತು ಸೇರಿಸಿದರು. ಆಮೇಲೆ ಅಡುಗೆಯಮ್ಮನ ಸರದಿ. ಆಕೆಯ ಕೈ ನನ್ನ ಮೊಣಕಾಲಿನ ಮೇಲೆ ಬಂತು. ಮುಟ್ಟಿ ಹಿಂದಕ್ಕೆ ಹೋಗಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡಿತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊರಗೆ ಬಂದ ಮೇಲೆ ಜಗಳ ತೆಗೆಯಬಹುದಿತ್ತು. ಆದರೆ ಅಲ್ಲಿ ಯಾರೂ ಯಾರನ್ನೂ ಏನೂ ಅಂದಿರಲಿಲ್ಲವಲ್ಲ, ಎಲ್ಲರೂ ಪ್ರಾರ್ಥಿಸಿದ್ದರು ಅಷ್ಟೇ. ಹಾಗೇ ಬಿಟ್ಟರೆ ಸೋಮವಾರ ಹಾಸ್ಟೆಲಿಗೆ ಬೇರೆ ಅಡುಗೆಯವಳು ಬರುತ್ತಿದ್ದಳು. ಆ ಮಾತಿಗೆ ಉತ್ತರ ಕೊಡುವುದಿದ್ದರೆ ಆ ಚಾಪೆಯ ಮೇಲೆ, ಆಮೆನ್ ಆಗುವ ಮೊದಲೇ ಕೊಡಬೇಕಿತ್ತು. ನನ್ನ ಮುಂದಿನಾಕೆ ತನ್ನ ಸರದಿ ಎಂದುಕೊಂಡು ಗಂಟಲು ಸರಿಮಾಡಿಕೊಂಡಳು. ಆಗ ಕಣ್ಣು ಮುಚ್ಚಿಕೊಂಡೆ.

“ದೇವ್ರೇ, ನಿನಗೆ ಎಲ್ಲಾ ಗೊತ್ತೈತೆ, ಇಲ್ಲಿ ಕುಂತಿರೋರಿಗೆ ಗೊತ್ತಿಲ್ಲ, ಅದಕ್ಕೇ ಹೇಳ್ತೀನಿ. ಆ ಚೀಲ ಹಾಸ್ಟೆಲಿಂದಲ್ಲ, ಮಂಡಿಪೇಟೆ ನಮ್ಮ ಅಂಗಡೀದು. ನೆಲ ಗುಡಿಸಿದ ಮೆಣಸಿನಕಾಯಿ, ಕೊತ್ತಂಬ್ರಿ. ನಾನೇ ತೂಗಿ ಕೊಡ್ತೀನಿ, ಆಯಮ್ಮ ದುಡ್ಡು ಕೊಟ್ಟು ತಗಂಡೋಗ್ತಾಳೆ. ಹಾಸ್ಟೆಲಿನ ಮಸಾಲಿ ಡಬ್ಬಿ ಕೈಯಾಗೆ ಇದ್ರೂ ತನ್ನ ಮನೀಗೆ ಕಸದಾಗಿನ ಕಾಳು ಆರಿಸ್ಕಂಡು ತಿಂತಾಳೆ. ಅಂಥಾಕೀನ ಕಳ್ಳಿ ಅಂದೋರ್ನ ನೀನೇ ನೋಡ್ಕ. ಆಮೆನ್.”

ಯಾರೂ ಆಮೆನ್ ಎನ್ನಲಿಲ್ಲ. ಆಮೇಲೆ ವಾರ್ಡನ್ ಅಮ್ಮ ಒಂದು ಸಣ್ಣ ಆಮೆನ್ ಅಂದರು, ಅದರ ಹಿಂದೆ ಉಳಿದವರದು ಬಂತು. ಕಣ್ಣು ತೆರೆದಾಗ ಮೊಣಕಾಲಿನ ಮೇಲೆ ಕೈ ಇರಲಿಲ್ಲ. ಟೀಚರಮ್ಮ ನಾಚಿಕೊಂಡಿರುತ್ತಾರೆ ಎಂದುಕೊಂಡು ಅವರ ಮುಖ ನೋಡಿದೆ. ನಾಚಿಕೆಯೇ? ಕಣ್ಣಲ್ಲಿ ನೀರು ತಂದುಕೊಂಡು ನನ್ನ ಎರಡೂ ಕೈ ಹಿಡಿದರು. ನಿಮ್ಮ ನಾಲಿಗೆಯ ಕಟ್ಟು ಬಿಚ್ಚಲಿ ಎಂದು ಎಷ್ಟು ದಿನದಿಂದ ಬೇಡಿಕೊಂಡಿದ್ದೆ, ಇವತ್ತು ದೇವರು ನನ್ನ ಪ್ರಾರ್ಥನೆ ಕೇಳಿದ ಎಂದರು. ಮರುದಿನ ಬೆಳಿಗ್ಗೆ ಮೊಬೈಲಿನಲ್ಲಿ ಕೂಟದವರಿಗೆಲ್ಲ, ದೇವರು ಹೀಗೆ ಪ್ರಾರ್ಥನೆ ಕೇಳಿದ ಎಂಬ ಸಾಕ್ಷಿಯನ್ನು ತಮ್ಮ ದನಿಯಲ್ಲೇ ಕಳಿಸಿದ್ದರು. ಅದರಲ್ಲಿ ಅವರಿದ್ದರು, ನಾನಿದ್ದೆ, ದೇವರಿದ್ದ. ಕಳ್ಳತನದ ಮಾತೂ ಇರಲಿಲ್ಲ, ಅಡುಗೆಯಮ್ಮನೂ ಇರಲಿಲ್ಲ.

ಕೆಲಸ ಉಳಿಯಿತು. ಮುಂದಿನ ಶುಕ್ರವಾರ ಹೆಂಗಸರು ಆಕೆಗೆ ಗಂಟು ಗಂಟು ತಂದಿದ್ದರು. ಒಬ್ಬರು ಖಾರದ ಪುಡಿ, ಒಬ್ಬರು ಹುಣಸೆಹಣ್ಣು, ಒಬ್ಬರು ಅಂಚು ಹರಿದ ಸೀರೆ. ಹಿಂದಿನ ವಾರ ಕಳ್ಳಿ ಎಂದು ನಂಬಿದ ಅದೇ ಮುಖಗಳಲ್ಲಿ ಈಗ ಮರುಕ ತುಂಬಿ ತುಳುಕುತ್ತಿತ್ತು. ಅಡುಗೆಯಮ್ಮ ಎಲ್ಲವನ್ನೂ ಎರಡು ಕೈಯಲ್ಲಿ ತೆಗೆದುಕೊಂಡು ಬಾಗಿಲ ಬಳಿ ಜೋಡಿಸಿಟ್ಟಳು. ಹೋಗುವಾಗ ಒಂದನ್ನೂ ಒಯ್ಯಲಿಲ್ಲ.

ಮರುದಿನ ಅಂಗಡಿಗೆ ಬಂದಳು. ಕೈಯಲ್ಲಿ ಚೀಲವಿರಲಿಲ್ಲ. ಬೇರೆ ತೆಗೆದಿಟ್ಟದ್ದನ್ನು ತೂಗಲು ನಾನು ಎದ್ದೆ. ಕೂಡ್ರಿ ಎಂದು ಕೈಯಲ್ಲೇ ತಡೆದಳು.

“ಕೆಲ್ಸ ಉಳೀತು, ಅದಕ್ಕೆ ಕೈ ಮುಗಿತೀನಿ. ಟೀಚರಮ್ಮ ಕಣ್ಣು ಮುಚ್ಕಂಡು ನನ್ನ ಕಳ್ಳಿ ಮಾಡಿದ್ರು. ನೀವು ಕಣ್ಣು ಮುಚ್ಕಂಡು ನನ್ನ ಭಿಕ್ಷುಕಿ ಮಾಡಿದ್ರಿ. ನಾನು ಪಕ್ಕದಾಗೇ ಕುಂತಿದ್ದೆ, ಇಬ್ರೂ ನನ್ನ ಒಂದು ಮಾತು ಕೇಳ್ಲಿಲ್ಲ.”

ನನಗೆ ಸಿಟ್ಟೇ ಬಂತು. ಉಪಕಾರಕ್ಕೆ ಇದಾ ಬಹುಮಾನ ಎನ್ನಿಸಿತು. ನಾನು ಬಾಯಿ ಬಿಡದಿದ್ದರೆ ಇಷ್ಟು ಹೊತ್ತಿಗೆ ನೀನು ಎಲ್ಲಿರುತ್ತಿದ್ದೆ ಎಂದು ಕೇಳಿದೆ. ಆಕೆ ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಟಳು. ನಾನೂ ತಿರುಗಿ ಕರೆಯಲಿಲ್ಲ. ಅಂಗಡಿಗೆ ಅದೇ ಕೊನೆ, ಕೂಟಕ್ಕೂ ಆಕೆ ಮತ್ತೆ ಬರಲಿಲ್ಲ. ಹರಿಹರದ ಬೀದಿಯಲ್ಲಿ ಎದುರಾದರೆ ಹೆಂಗಿದೀರಿ ಎಂದು ಕೇಳಿ ನಡೆದುಬಿಡುತ್ತಿದ್ದಳು. ಮೊಣಕಾಲು ಹಿಡಿದಿದ್ದು ಮಾತಾಡು ಎಂದೋ, ಸುಮ್ಮನಿರು ಎಂದೋ ಕೇಳಬೇಕು ಎನ್ನಿಸುತ್ತಿತ್ತು. ಕೇಳಲಿಲ್ಲ... ಮಾಡಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಹಾಗೆಂದು ಆಕೆಯ ಮಾತು ಸುಳ್ಳೆಂದೂ ಅನ್ನಿಸಿಲ್ಲ.

ಟೀಚರಮ್ಮ ತೀರಿಹೋಗಿ ಮೂರು ವರ್ಷವಾಯಿತು. ಸಮಾಧಿಯ ಬಳಿ ಯಾರೋ ಹೊರಗಿನಿಂದ ಬಂದವರು ಅವರಿಗಿಂತಲೂ ಉದ್ದ ಪ್ರಾರ್ಥಿಸಿದರು. ಬಿಸಿಲಲ್ಲಿ ಜನ ಕಾಲು ಬದಲಿಸುತ್ತ ನಿಂತಿದ್ದರು. ಬದುಕಿದ್ದರೆ ಟೀಚರಮ್ಮ ಹೊಟ್ಟೆಕಿಚ್ಚು ಪಡುತ್ತಿದ್ದರು. ಈಗ ಕೂಟ ನಡೆಸುವವಳು ನಾನು. ಒಮ್ಮೆ ಬಿಚ್ಚಿದ ಬಾಯಿ ಮತ್ತೆ ಮುಚ್ಚಲಿಲ್ಲ, ಪ್ರತಿ ವಾರ ಪ್ರಾರ್ಥಿಸುತ್ತೇನೆ. ಪಕ್ಕದಲ್ಲಿ ಕೂತು ಮಾತಾಡಿದ ಹಾಗಿರುತ್ತದೆ ಎಂದು ಹೆಂಗಸರು ಹೊಗಳುತ್ತಾರೆ. ಟೀಚರಮ್ಮನ ಸಂಸ್ಕೃತ ಕಲಿತವರೇ ಈಗ ನನ್ನ ಹಾಗೆ ಪ್ರಾರ್ಥಿಸಲು ಹೋಗಿ, ಮನೆಯಲ್ಲಿ ಕೂಡ ಆಡದಷ್ಟು ಒರಟು ಮಾತನ್ನು ಹುಡುಕಿ ಹುಡುಕಿ ಸೇರಿಸುತ್ತಾರೆ. ದೇವರು ಅದನ್ನೂ ಕೇಳಿಸಿಕೊಳ್ಳುತ್ತಿರಬೇಕು.

ಹೋದ ತಿಂಗಳು ಲೋಕಿಕೆರೆಯಿಂದ ಮೆಣಸಿನಕಾಯಿ ತಂದ ರೈತನೊಬ್ಬ, ಹರಿಹರದ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸು ತಮ್ಮೂರಲ್ಲಿ ತಂಗಿಯ ಮನೆಯಲ್ಲಿದ್ದಳು, ತೀರಿಕೊಂಡಳು ಎಂದು ಬಿಲ್ಲು ಬರೆಸುತ್ತ ಹೇಳಿದ. ಮಣ್ಣಾಗಿ ವಾರ ಕಳೆದಿತ್ತಂತೆ. ಕೆಲಸ ಬಿಟ್ಟು ಊರಿಗೆ ಹೋಗಿದ್ದೂ ನನಗೆ ಗೊತ್ತಿರಲಿಲ್ಲ. ಬಿಲ್ಲು ತಪ್ಪು ಬರೆದೆ, ಹರಿದು ಇನ್ನೊಂದು ಬರೆದೆ. ಬಸ್ಸಿನಲ್ಲಿ ಹರಿಹರ ಮುಟ್ಟುವವರೆಗೂ ಕಿಟಕಿಯ ಕಡೆ ತಿರುಗಿ ಅತ್ತೆ.

ಆ ವಾರದ ಶುಕ್ರವಾರದ ಹೊತ್ತಿಗೆ ಸುದ್ದಿ ಕೂಟಕ್ಕೂ ಮುಟ್ಟಿತ್ತು. ನನ್ನ ಸರದಿ ಬಂದಾಗ, ಅಡುಗೆಯಮ್ಮನಿಗಾಗಿ ನೀವೇ ಪ್ರಾರ್ಥಿಸಬೇಕು ಎಂದು ವಾರ್ಡನ್ ಅಮ್ಮ ಹೇಳಿದರು. ಎಲ್ಲರೂ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ನಾನು ಏನು ಹೇಳುತ್ತೇನೋ ಎಂದು ಆಸೆಯಿಂದ ಕಾದರು. ನಾನು ಕಣ್ಣು ಬಿಟ್ಟುಕೊಂಡೇ ಮುಂದಿನವಳ ಮೊಣಕಾಲು ಮುಟ್ಟಿ ಸರದಿ ದಾಟಿಸಿದೆ. ಆಕೆಯ ಬಗ್ಗೆ ಹೇಳುವುದು ಬಹಳ ಇತ್ತು. ಅವರ ಕಿವಿಗೆ ಬೀಳಬೇಕಾದ್ದು ಅದರಲ್ಲಿ ಒಂದೂ ಇರಲಿಲ್ಲ.