ನಾಲ್ಕು ಮೀಟರ್ ಕಮ್ಮಿ

ಆಗ ನನಗೆ ಐವತ್ತೆರಡು ವರ್ಷ. ಹದಿನಾರು ವರ್ಷದ ಹಿಂದಿನ ಮಾತು. ಈಗಿನ ಪ್ರಾಯವನ್ನು ನೀವೇ ಕೂಡಿಸಿಕೊಳ್ಳಿ. ಇವತ್ತು ಬೆಳಿಗ್ಗೆ ಅಂಗಳಕ್ಕೆ ಇಳಿದರೆ, ನಿನ್ನೆ ಸಂಜೆ ಜೋಲುಬಿದ್ದಿದ್ದ ಬಟ್ಟೆ ಹಗ್ಗ ಮಳೆಗೆ ನೆನೆದು ಬಿಗಿದುಕೊಂಡಿತ್ತು. ತೆಂಗಿನ ನಾರಿನ ಹಗ್ಗ. ನೀರು ಕುಡಿದರೆ ದಪ್ಪವಾಗುತ್ತದೆ, ದಪ್ಪವಾದಷ್ಟೂ ಗಿಡ್ಡವಾಗುತ್ತದೆ. ಪ್ಲಾಸ್ಟಿಕ್ ಹಗ್ಗ ಕಟ್ಟುವ ಎಂದು ಸೊಸೆ ಹೇಳುತ್ತಲೇ ಇದ್ದಾಳೆ. ನಾನು ಒಪ್ಪಿಲ್ಲ. ಇದು ಗಿಡ್ಡವಾಗುವುದನ್ನು ನಾನು ಕಣ್ಣಾರೆ ನೋಡುತ್ತಿರಬೇಕು. ಒಮ್ಮೆ ಮರೆತದ್ದಕ್ಕೆ ಒಬ್ಬ ಹೆಂಗಸಿನ ಉದ್ಯೋಗವೇ ಹೋಗುವುದರಲ್ಲಿತ್ತು.

ಆ ಹೆಂಗಸು ವಸಂತಿ ಟೀಚರ್. ನಮ್ಮ ಕಾಸರಗೋಡಿನ ಬೋವಿಕಾನದಿಂದ ಆಚೆ, ಗುಡ್ಡದ ಮೇಲಿನ ಒಂದು ಕಾಲೇಜಿನಲ್ಲಿ ಆಟೋಟದ ವಿಭಾಗವೆಲ್ಲ ಅವರ ಕೈಯಲ್ಲಿತ್ತು. ವಿಭಾಗ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಅವರು ಬಂದ ದಿನ ಬಾಗಿಲು ತೆರೆದು ಕೊಟ್ಟವಳು ನಾನೇ. ಗಾಳಿಯಿಲ್ಲದ ಎರಡು ಫುಟ್ಬಾಲು, ಕಾಲು ಮುರಿದ ಒಂದು ಬೆಂಚು, ಮರಿ ಹಾಕಿದ ಒಂದು ಬೆಕ್ಕು.

"ಬೆಕ್ಕು ಇರಲಿ, ಅದಕ್ಕಾದರೂ ಇಲ್ಲಿ ಕೆಲಸ ಉಂಟು. ಬಾಕಿ ಎಲ್ಲ ಹೊರಗೆ ಹಾಕುವ ಅಕ್ಕ" ಎಂದರು.

ನಾನು ಅಲ್ಲಿ ಗುಡಿಸುವವಳು, ಟೆಂಪರರಿ. ಆಟದ ಟೀಚರ್ ಎಂದರೆ ಸೀಟಿ ಊದುವವರು ಎಂದುಕೊಂಡಿದ್ದೆ. ಇವರು ಸೀಟಿ ಊದಿದ್ದಕ್ಕಿಂತ ಕಾಗದ ಬರೆದದ್ದೇ ಜಾಸ್ತಿ. ಯಾರು ಯಾವ ತಂಡ, ಯಾರ ಪ್ರಾಯದ ದಾಖಲೆ ಬಂತು, ಯಾರದ್ದು ಬರಲಿಲ್ಲ, ಯಾವ ಊರಿಗೆ ಎಷ್ಟು ಗಂಟೆಯ ಬಸ್ಸು. ಕಾಗದ ಮುಗಿದರೆ ಮಕ್ಕಳ ಮನೆಗಳಿಗೆ ಹೋಗುತ್ತಿದ್ದರು. ಒಮ್ಮೆ ಜೊತೆಗೆ ನಾನೂ ಹೋಗಿದ್ದೆ. ಯಮುನಾ ಎಂಬ ಹುಡುಗಿಯ ಮನೆ. ತಂದೆ ಇಲ್ಲೇ ನಮ್ಮ ಅನಂತಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರು.

"ಹುಡುಗಿ ಓಡಿ ಎಂತ ಆಗ್ಬೇಕು ಟೀಚರ್?" ಎಂದು ಅವರು ಕೇಳಿದರು.

"ಬಸ್ಸಾದ್ರೂ ತಪ್ಪುದಿಲ್ಲ" ಎಂದರು ಟೀಚರ್.

ಮನುಷ್ಯ ನಕ್ಕುಬಿಟ್ಟ. ಯಮುನಾ ಓಡಿದಳು.

ಗೆರೆ ಎಳೆಯುವ ಕೆಲಸ ಮಾತ್ರ ಟೀಚರೂ ನಾನೂ ಸೇರಿ ಮಾಡುವುದು. ಓಟದ ಸುತ್ತಿನ ಎರಡು ತುದಿಗಳಲ್ಲಿ ಅರ್ಧ ಚಂದ್ರದ ಹಾಗೆ ತಿರುವು ಉಂಟಲ್ಲ, ಅದನ್ನು ಎಳೆಯಲು ನಡುವೆ ಒಂದು ಗೂಟ ಹೊಡೆದು, ಗೂಟಕ್ಕೆ ಹಗ್ಗ ಕಟ್ಟಿ, ಹಗ್ಗದ ತುದಿಯ ಗಂಟು ಹಿಡಿದು ಸುತ್ತಬೇಕು. ಗಂಟು ಹೋದಲ್ಲೆಲ್ಲ ತಳ ತೂತು ಮಾಡಿದ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸಬೇಕು. ಮೊದಲು ಉಕ್ಕಿನ ಟೇಪಿತ್ತು. ತುಂಡಾಯಿತು. ಹೊಸತು ಬೇಕೆಂದು ಟೀಚರ್ ಎರಡು ಸಲ ಬರೆದರು. ಎರಡು ಅರ್ಜಿಗಳೂ ಪ್ರಿನ್ಸಿಪಾಲರ ಮೇಜಿನ ಮೇಲೆ ಮಲಗಿದ್ದನ್ನು ಧೂಳು ಹೊಡೆಯುವಾಗ ನಾನೇ ನೋಡಿದ್ದೇನೆ. ಹಾಗಾಗಿ ಟೀಚರ್ ನಾರಿನ ಹಗ್ಗವನ್ನು ಅಳೆದು ಗಂಟು ಹಾಕಿಟ್ಟುಕೊಂಡಿದ್ದರು.

ಆ ವರ್ಷ ಯುನಿವರ್ಸಿಟಿಯ ಕ್ರೀಡಾಕೂಟ ನಮ್ಮ ಮೈದಾನದಲ್ಲಿ. ಟೀಚರಿಗೆ ಕಾಗದಗಳಿಂದ ತಲೆ ಎತ್ತಲು ಪುರುಸೊತ್ತಿಲ್ಲ. "ಅಕ್ಕ, ಈ ಸಲ ನೀವೇ ಎಳೆಯಿರಿ" ಎಂದರು. ನನಗೆ ಕೊಂಬು ಬಂತು. ಹಗ್ಗ ತೆಗೆದು ನೋಡಿದರೆ ಧೂಳು, ಇಲಿಯ ವಾಸನೆ. ಹೊರಗಿನವರ ಎದುರು ಇಂಥ ಹಗ್ಗ ಹಿಡಿಯುವುದೇ? ಸಂಜೆ ನೀರಿನ ಡ್ರಮ್ಮಿಗೆ ಹಾಕಿ, ಬೆಳಿಗ್ಗೆ ತೆಗೆದು ಹಿಂಡಿ, ಹಾಗೆಯೇ ತಿರುವು ಎಳೆದೆ. ನನ್ನ ತವರು ಶಿರಿಯ. ಹೊಳೆಯ ಬದಿ ತೆಂಗಿನ ಸಿಪ್ಪೆ ಕೊಳೆ ಹಾಕಿ, ನಾರು ಬಿಡಿಸಿ, ಹಗ್ಗ ಹೊಸೆದ ತಾಯಿಯ ಮಗಳು ನಾನು. ನೀರಲ್ಲಿ ಹುಟ್ಟಿದ ಹಗ್ಗಕ್ಕೆ ನೀರಿನಿಂದ ಎಂತ ಕೇಡು ಎಂದುಕೊಂಡೆ, ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

ಬಂದ ಅಧಿಕಾರಿಗಳು ನೇರ ದಾರಿಯನ್ನು ಟೇಪಿನಲ್ಲಿ ಅಳೆದರು, ತಿರುವನ್ನು ಕಣ್ಣಿನಲ್ಲಿ ಅಳೆದರು. ನಾನೂರು ಮೀಟರಿನಲ್ಲಿ ಯಮುನಾ ಹಳೆಯ ದಾಖಲೆ ಮುರಿದಳು. ಪೇಪರಿನಲ್ಲಿ ಫೋಟೊ ಬಂತು, ಗೇಟಿನಲ್ಲಿ ಬ್ಯಾನರ್ ಬಂತು. ಬ್ಯಾನರಿನಲ್ಲಿ ಯಮುನಾಳಿಗಿಂತ ಪ್ರಿನ್ಸಿಪಾಲರು ದೊಡ್ಡದಾಗಿದ್ದರು.

ಮೂರನೆಯ ದಿನ ಗೂಟ ಕೀಳಲು ಹೋದೆ. ಗೂಟದಲ್ಲೇ ಇದ್ದ ಹಗ್ಗ ಬಿಸಿಲಿಗೆ ಒಣಗಿತ್ತು. ಸುತ್ತಿ ಇಡುವ ಮೊದಲು ಸುಮ್ಮನೆ ಎಳೆದು ನೋಡಿದರೆ ಗಂಟು ಸುಣ್ಣದ ಗೆರೆ ದಾಟಿ ಒಂದೂವರೆ ಮೊಳ ಆಚೆ ಹೋಯಿತು. ಹಗ್ಗ ಅಲ್ಲೇ ಬಿಟ್ಟು ಟೀಚರ ಕೋಣೆಗೆ ಓಡಿದೆ.

"ಟೀಚರ್, ಹಗ್ಗ ಉದ್ದ ಆಗಿದೆ."

"ಹಗ್ಗ ಉದ್ದ ಆಗುದಾ? ಎಂತ ಅಕ್ಕ, ಹೊಗೆಸೊಪ್ಪು ತಲೆಗೆ ಏರಿತಾ?"

"ಅಲ್ಲ. ಮೊನ್ನೆ ಒಂದೂವರೆ ಮೊಳ ಗಿಡ್ಡ ಇತ್ತು. ನಾನು ನೆನೆಸಿದ್ದೆ."

ಅವರು ನಗುವುದು ನಿಂತಿತು. ಪೆನ್ಸಿಲು ತೆಗೆದು ಲೆಕ್ಕ ಹಾಕಿದರು. "ಸುತ್ತಿಗೆ ನಾಲ್ಕು ಮೀಟರ್ ಕಮ್ಮಿ" ಎಂದರು.

ಯಾರಿಗೂ ಗೊತ್ತಿಲ್ಲವಲ್ಲ ಟೀಚರ್ ಎಂದು ನಾನು ಹೇಳಿದೆ. ಹೇಳಲಿಲ್ಲ ಎಂದು ಈಗ ಬರೆಯಬಹುದಿತ್ತು. ಹೇಳಿದ್ದು ನಿಜ.

"ನಮಗಿಬ್ಬರಿಗೆ ಗೊತ್ತುಂಟಲ್ಲ. ಹಳೇ ದಾಖಲೆಯ ಹುಡುಗಿ ಪೂರ್ತಿ ನಾನೂರು ಓಡಿದ್ದಾಳೆ ಅಕ್ಕ. ಅವಳ ನಾಲ್ಕು ಮೀಟರ್ ನಾವು ತಿನ್ನುದಾ?"

ಅವತ್ತೇ ಯುನಿವರ್ಸಿಟಿಗೆ ಬರೆದರು. ಹಗ್ಗದ ವಿಷಯ ಬರೆದರು, ಟೇಪಿಗೆ ಎರಡು ಸಲ ಅರ್ಜಿ ಕೊಟ್ಟ ವಿಷಯವನ್ನೂ ಬರೆದರು. ಕುತ್ತು ಬಂದದ್ದು ಈ ಎರಡನೆಯದರಿಂದ. ಟೇಪು ಯಾಕೆ ಕೊಡಲಿಲ್ಲ ಎಂದು ಯುನಿವರ್ಸಿಟಿಯವರು ಕೇಳುವುದು ಪ್ರಿನ್ಸಿಪಾಲರನ್ನು. ಟೀಚರೇ ಬೇಕೆಂದು ಮಾಡಿಸಿದ ಮೋಸ ಎಂದಾದರೆ ಆ ಪ್ರಶ್ನೆಯೇ ಇಲ್ಲ, ಟೀಚರೂ ಇಲ್ಲ.

ವಾರದೊಳಗೆ ನನಗೆ ಕರೆ ಬಂತು.

"ಬನ್ನಿ ಅಕ್ಕ, ಕೂತುಕೊಳ್ಳಿ" ಎಂದರು ಪ್ರಿನ್ಸಿಪಾಲರು. ಒಂಬತ್ತು ವರ್ಷ ಆ ಕೋಣೆ ಗುಡಿಸಿದ್ದೇನೆ. ಅಲ್ಲಿಯ ಕುರ್ಚಿಗಳ ಅಡಿ ನನಗೆ ಗೊತ್ತು, ಮೇಲು ಗೊತ್ತಿರಲಿಲ್ಲ. ಕೂರಲಿಲ್ಲ.

"ನಿಮ್ಮನ್ನು ಪರ್ಮನೆಂಟ್ ಮಾಡುವ ಅಂತ ಉಂಟು."

"ಒಳ್ಳೆದಾಯ್ತು ಸರ್."

"ಇದಕ್ಕೊಂದು ಸೈನ್ ಹಾಕಿ. ಹಗ್ಗ ನೆನೆಸಿದ್ದು ನೀವು ಅಂತ ಬರೆದದ್ದು, ಬೇರೆಂತ ಇಲ್ಲ."

ಕಾಗದ ಮಲಯಾಳದಲ್ಲಿತ್ತು. ಪ್ರಿನ್ಸಿಪಾಲರು ಮನೆಯಲ್ಲಿ ಕನ್ನಡ ಮಾತಾಡುವವರೇ. ನನಗೆ ಕೊಡುವ ಕಾಗದಕ್ಕೆ ಮಾತ್ರ ಮಲಯಾಳ ಬೇಕಾಯಿತು. ನನಗೆ ಮಲಯಾಳ ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಮೂರನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡ. ಆದರೆ ಗೆರೆ ಎಣಿಸಲು ಯಾವ ಭಾಷೆಯೂ ಬೇಡ.

"ಇಷ್ಟು ಮಾತಿಗೆ ಹನ್ನೆರಡು ಗೆರೆ ಎಂತಕ್ಕೆ ಸರ್?"

"ಆಫೀಸಿನ ಭಾಷೆ ಹಾಗೇ. ಉದ್ದ."

"ಟೀಚರ ಹೆಸರು ಉಂಟಾ ಇದರಲ್ಲಿ?"

"ಇಲ್ಲ ಮಾರಾಯ್ತಿ, ಅವರ ಸುದ್ದಿಯೇ ಇಲ್ಲ."

ಟೀಚರ ಬಾಗಿಲ ಮೇಲೆ ಅವರ ಹೆಸರಿನ ಬೋರ್ಡು ಉಂಟು, ಮಲಯಾಳದಲ್ಲಿ. ಅದನ್ನು ದಿನಾ ಒರೆಸುವವಳು ನಾನು. ಅಕ್ಷರ ಓದಲು ಬಾರದಿದ್ದರೂ ಅದರ ಉಬ್ಬುತಗ್ಗು ನನ್ನ ಬಟ್ಟೆಗೆ ಗೊತ್ತು. ಕಾಗದದ ಮೇಲೆ ಬೆರಳಿಟ್ಟೆ.

"ಇದು ಎಂತ ಸರ್?"

"ಅದು... ತಾರೀಕು."

"ಮೂರು ಕಡೆ ತಾರೀಕಾ?"

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. "ನಿನಗೆ ಓದ್ಲಿಕ್ಕೆ ಬರ್ತದಾ?" ‘ನೀವು’ ಹೋಗಿ ‘ನೀನು’ ಬಂದಿತ್ತು.

"ಬರುದಿಲ್ಲ ಸರ್. ಒರೆಸ್ಲಿಕ್ಕೆ ಬರ್ತದೆ."

"ನೋಡು, ಟೀಚರ್ ಹೇಳಿದ್ದಕ್ಕೆ ನೆನೆಸಿದೆ ಅಂತ ಹಾಕಿದ್ರೆ ನಿನಗೆಂತ ಆಗುದಿಲ್ಲ. ನಿನ್ನ ಕೆಲಸ ಉಳೀತದೆ."

"ಅವರದ್ದು?"

"ಅದು ನಿನಗೆ ಯಾಕೆ?"

"ಟೀಚರ್ ಹೇಳ್ಲಿಲ್ಲ ಸರ್. ನೆನೆಸಿದ್ದು ನನ್ನ ಬುದ್ಧಿ. ಇವಳಿಗೆ ಬುದ್ಧಿ ಕಮ್ಮಿ ಅಂತ ಬರೆಯಿರಿ, ಸೈನ್ ಹಾಕ್ತೇನೆ. ಕನ್ನಡದಲ್ಲಿ ಬರೆಯಿರಿ."

"ನಾಳೆಯಿಂದ ನೀನು ಬರುದು ಬೇಡ."

"ಅದನ್ನೂ ಕನ್ನಡದಲ್ಲಿ ಬರೆದು ಕೊಡಿ."

ಕೊಡಲಿಲ್ಲ. ನಾನು ಆಫೀಸಿಗೆ ಹೋಗಿ ಒಂದು ಹಾಳೆ ಕೇಳಿ ಬರೆಯಲು ಕೂತೆ. "ಹಗ್ಗ ನೆನೆಸಿದ್ದು ನಾನು. ಟೀಚರಿಗೆ ಗೊತ್ತಿರಲಿಲ್ಲ. ಗೊತ್ತಾದ ದಿನವೇ ಅವರು ಬರೆದರು. ಟೇಪು ಇರಲಿಲ್ಲ." ಇಷ್ಟಕ್ಕೆ ಮುಕ್ಕಾಲು ಗಂಟೆ. ಕ್ಲಾರ್ಕ್ ಆಚೆ ಈಚೆ ನೋಡಿದ. ಕಾಸರಗೋಡಿನಲ್ಲಿ ಕನ್ನಡಕ್ಕೂ ಕಾನೂನು ಉಂಟು, ಕನ್ನಡದ ಕಾಗದ ತೆಗೆದುಕೊಳ್ಳುವುದಿಲ್ಲ ಎನ್ನಲು ಯಾರಿಗೂ ಧೈರ್ಯವಿಲ್ಲ. ಮೊಹರು ಹಾಕಿಸಿಕೊಂಡೇ ಎದ್ದೆ. ಒಂದು ಪ್ರತಿ ಯುನಿವರ್ಸಿಟಿಗೂ ಹೋಯಿತು.

ಆಮೇಲೆ ಸಿನಿಮಾದ ಹಾಗೆ ಎಂತದೂ ಆಗಲಿಲ್ಲ. ಯಮುನಾಳ ದಾಖಲೆ ತೆಗೆದುಹಾಕಿದರು. ಮರುವರ್ಷ ಬೇರೆ ಮೈದಾನದಲ್ಲಿ ಓಡಿ ಮೂರನೆಯವಳಾದಳು. ಎಷ್ಟೋ ಕಾಲ ನನ್ನ ಹತ್ತಿರ ಮಾತಾಡಲಿಲ್ಲ. ಈಗ ಪೇಟೆಯಲ್ಲಿ ಸಿಕ್ಕಿದರೆ "ಏ ನಾಲ್ಕು ಮೀಟರ್ ಅಕ್ಕಾ" ಎಂದು ಬಸ್ಸಿನೊಳಗಿಂದಲೇ ಕೂಗುತ್ತಾಳೆ. ಟೀಚರನ್ನು ಎರಡು ವರ್ಷ ಯುನಿವರ್ಸಿಟಿಯ ಕೂಟದ ಸಮಿತಿಯಿಂದ ಹೊರಗಿಟ್ಟರು. ಉದ್ಯೋಗ ಮುಟ್ಟಲು ಆಗಲಿಲ್ಲ. ನಾನು ಕೊನೆಯವರೆಗೂ ಟೆಂಪರರಿಯೇ.

ಕಳೆದ ಮಾರ್ಚಿನಲ್ಲಿ ಟೀಚರ್ ರಿಟೈರ್ ಆದರು. ಬೀಳ್ಕೊಡುವ ಸಭೆಯಲ್ಲಿ ಅವರು ತಂದುಕೊಟ್ಟ ಕಪ್ಪುಗಳ ಹೆಸರನ್ನೆಲ್ಲ ಓದಿದರು. ಅವರು ತಾವಾಗಿ ವಾಪಸು ಕೊಟ್ಟ ಆ ದಾಖಲೆಯ ಸುದ್ದಿ ಯಾರೂ ಎತ್ತಲಿಲ್ಲ. ನಾನು ಎದ್ದು ಮೈಕು ಕೇಳಿದೆ. ಸಮಯ ಇಲ್ಲ ಎಂದರು. ಮೈಕಿಲ್ಲದೆ ಹೇಳಿದೆ. ಅಲ್ಲಿ ಹಿಂದಿನ ಸಾಲಿಗೆ ಕೇಳಿಸಿತೋ ಇಲ್ಲವೋ ಎಂದು ಇಂದು ಹಗ್ಗ ನೋಡಿದಾಗ ಅನುಮಾನ ಬಂತು. ಅದಕ್ಕೇ ಈ ಬರಹ. ಇನ್ನು ಮೇಲೆ ನಾನು ಯಾರ ಮೈಕಿಗೂ ಕಾಯುವುದಿಲ್ಲ.

ಬರುವುದು ಬೇಡ ಎಂದ ಮರುದಿನ ನಾನು ಎಂತ ಮಾಡಿದೆ ಎಂದು ನೀವು ಕೇಳುವಿರಿ. ಬೇಡ ಎಂದು ಬರೆದ ಕಾಗದ ಕೈಗೆ ಬಂದಿರಲಿಲ್ಲವಲ್ಲ, ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೋದೆ. ಪ್ರಿನ್ಸಿಪಾಲರು ಅವತ್ತು ಬೇಗ ಬಂದು ಕೂತಿದ್ದರು. ಹಿಡಿಸೂಡಿ ತೆಗೆದುಕೊಂಡು ಮೊದಲು ಅವರ ಕೋಣೆಗೇ ನುಗ್ಗಿದೆ. ಮೂಲೆಯಿಂದ ಗುಡಿಸುತ್ತಾ ಮೇಜಿನ ಹತ್ತಿರ ಬಂದು, "ಸರ್, ಕಾಲೆತ್ತಿ" ಎಂದೆ.

ಎತ್ತಿದರು.