ಎಳನೀರಿನ ಕಲೆ

ಬೇಲೂರಿನ ಬಸ್ಸಿಗೆ ಕಾಯುತ್ತ ಅರಸೀಕೆರೆಯಲ್ಲಿ ಎಳನೀರು ಕುಡಿದೆ. ಎರಡು ಹನಿ ಸೀರೆಯ ಮೇಲೆ ಬಿತ್ತು. "ಹೋಗಲ್ಲ ಬಿಡಿ ಮೇಡಂ, ಸೀರೆ ಹರಿದ್ರೂ ಕಲೆ ಹಂಗೇ ಇರ್ತೈತೆ," ಎಂದ ಮಾರುವವನು, ಬಹಳ ಸಂತೋಷದಿಂದ. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕೇ? ಆದರೆ ಆ ಕಲೆಯನ್ನೇ ನೆಚ್ಚಿಕೊಂಡ ಒಬ್ಬರನ್ನು ನಾನು ಬಲ್ಲೆ.

ಹಳೇಬೀಡಿನ ಪದ್ಮಾವತಿ ಮೇಡಂ ಬಾಣಾವರದ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದರು, ನಾನು ಅಲ್ಲೇ ಕನ್ನಡ ಟೀಚರ್. ಎಳನೀರಿನ ಸಿಪ್ಪೆ ಜಜ್ಜಿ ಹಿಂಡಿ, ತುಕ್ಕು ಹಿಡಿದ ಮೊಳೆ ಹಾಕಿ, ಸ್ಟಾಫ್ ರೂಮಿನ ಕಿಟಕಿಯಲ್ಲಿ ಬಾಟಲಿಗಟ್ಟಲೆ ನೆನೆಹಾಕುತ್ತಿದ್ದರು. ಕಷಾಯವೆಂದುಕೊಂಡು ನಾನೊಮ್ಮೆ ಒಂದು ಗುಟುಕು ಕುಡಿದೂಬಿಟ್ಟೆ. ಕೆಮ್ಮು ಹೋಯಿತೋ ಇಲ್ಲವೋ, ನಾಲಗೆ ಮೂರು ದಿನ ಕಪ್ಪಗಿತ್ತು. ಆ ನೀರಿನಲ್ಲಿ ಕಂದೂ ಅಲ್ಲದ, ನೇರಳೆಯೂ ಅಲ್ಲದ ಒಂದು ಬಣ್ಣ ಹುಟ್ಟಿತು. ಅದರಲ್ಲೇ ಅವರು ಬೇರು, ಕೆರೆಯ ಕೆಸರು, ಗ್ರಹ, ನಕ್ಷತ್ರ ಎಲ್ಲವನ್ನೂ ಬರೆದರು.

ನಿವೃತ್ತರಾದ ವರ್ಷ ಅರಸೀಕೆರೆಯಲ್ಲಿ ಅವರ ಮೊದಲ ಪ್ರದರ್ಶನ. ಕಾರ್ಡಿನಲ್ಲಿ 'ಎಳನೀರಿನ ಕಲೆ' ಎಂದಿತ್ತು. ಎರಡರ್ಥವಾಗುತ್ತದೆ, ಬದಲಾಯಿಸಿ ಎಂದು ನನ್ನ ಪಾಂಡಿತ್ಯ ತೋರಿಸಿದ್ದೆ. "ಆಗ್ಲಿ ಅಂತಾನೇ ಇಟ್ಟಿದ್ದು ಕಣ್ರೀ," ಎಂದರು. ಜನ ತೆಂಗಿನ ಚಿಪ್ಪಿನ ಗೊಂಬೆ ನೋಡಲು ಬಂದರು.

ಸಭಾಂಗಣದ ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದರು. "ಬೇಲೂರು, ಹಳೇಬೀಡು ಮಗ್ಗುಲಲ್ಲೇ ಇಟ್ಕೊಂಡು ಒಂದು ಶಿಲಾಬಾಲಿಕೆ ಇಲ್ವಲ್ರೀ! ಮಧ್ಯಾಹ್ನ ಗಣ್ಯರು ಬರ್ತಾರೆ. ದೇವಸ್ಥಾನದ ಚಿತ್ರ ನಾಲ್ಕು ಹಾಕ್ಲಿ, ಇಲ್ಲಾಂದ್ರೆ ಇವನ್ನೆಲ್ಲ ಇಳಿಸ್ಲಿ. ನೀವೇ ಹೇಳಿ."

ಹೇಳಿದೆ. ಹೇಳಬಾರದಿತ್ತು.

"ಆ ಕಲ್ಲು ಕೆತ್ತಿದೋರು ಯಾರ ಕಲ್ಲು ನೋಡ್ಕೊಂಡು ಕೆತ್ತಿದ್ರು? ಹೊಸದು ಮಾಡಿದ್ರು ಕಣ್ರೀ ಅವ್ರು! ಹಳೇಬೀಡಲ್ಲಿ ಹುಟ್ಟಿದ ತಪ್ಪಿಗೆ ಸಾಯೋವರ್ಗೂ ನಾನು ಹಳೇದನ್ನೇ ಬರೀಬೇಕಾ?" ಎಂದರು ಮೇಡಂ. ಆಮೇಲೆ ಮೆಲ್ಲಗೆ, "ನಿಮಗೂ ಇವು ಬೇಡ್ವಾ?"

ವರ್ಷಗಟ್ಟಲೆ ಪಾಠ ಮಾಡಿದ ನಾನು ಕೈಯಲ್ಲಿದ್ದ ಕಾರ್ಡನ್ನು ಮತ್ತೊಮ್ಮೆ ಓದತೊಡಗಿದೆ.

ಅವರು ಚಿತ್ರಗಳನ್ನು ತಾವೇ ಇಳಿಸಿ, ಹೊರಗೆ ರಸ್ತೆಯ ಬದಿಯ ಕಾಂಪೌಂಡಿಗೆ ಸಾಲಾಗಿ ನೇತುಹಾಕಿ ಬಿಸಿಲಲ್ಲಿ ನಿಂತರು. ಕಾಯಿ ಸುಲಿಯುವವನೊಬ್ಬ ಆಕಾಶದ ಚಿತ್ರದ ಪಕ್ಕ ತನ್ನ ಕಲೆಗಟ್ಟಿದ ಅಂಗೈ ಹಿಡಿದು, "ಇದು ನನ್ ಕೈ ಕರೆ ಅಲ್ವೇನಕ್ಕಾ? ಅಷ್ಟೆತ್ತರಕ್ಕೂ ಹತ್ಕೊಂಡೈತಲ್ಲ!" ಎಂದ. ಮೇಡಂ ಅತ್ತುಬಿಟ್ಟರು. ನಾನು ರಸ್ತೆಯ ಆಚೆ ಬದಿಯಲ್ಲಿದ್ದೆ. ದಾಟಿ ಹೋಗಲು ನಾಚಿಕೆಯಾಯಿತು.

ಇವತ್ತು ಬೇಲೂರಿನಲ್ಲಿ ಅವರ ಎರಡನೆಯ ಪ್ರದರ್ಶನ. ಬಸ್ಸು ಜಾವಗಲ್ ದಾಟುವಾಗ ಅಲ್ಲಿನ ವ್ಯವಸ್ಥಾಪಕರ ಫೋನು ಬಂತು: "ಮೇಡಂ, ನೀವು ಅವರ ಸ್ನೇಹಿತೆ. ಒಂದೇ ಒಂದು ಶಿಲಾಬಾಲಿಕೆ ಇಡೋಕೆ ಹೇಳ್ತೀರಾ?"

"ಹೇಳಲ್ಲ!" ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. "ಆ ಚಿತ್ರಗಳನ್ನ ಇಳಿಸೋಕೆ ಬನ್ನಿ ನೋಡೋಣ. ಬಾಗಿಲಲ್ಲೇ ಕೂತಿರ್ತೀನಿ!"

ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ಹತ್ತಿರ ಬಂದು ಅಂಜುತ್ತಲೇ ಕೇಳಿದ, "ತಮ್ಮನ್ನ ಎಲ್ಲಿ ಇಳಿಸ್ಬೇಕು ಮೇಡಂ?"

"ಬೇಲೂರು," ಎಂದೆ, ಅದೇ ದನಿಯಲ್ಲಿ.