ಕುಸುಮ ಕಾಕೂ ಖಾಡಿ ದಾಟಿದ್ದು

ನಮ್ಮ ಕುಸುಮ ಕಾಕೂನ ಬಗ್ಗೆ ಬರೆಯಲು ಕೂತರೆ ಮೊದಲ ಪುಟದಲ್ಲೇ ಕಾಕಾ ಬಂದು ಕೂತುಬಿಡುತ್ತಾನೆ. ನನಗೆ ಸಿಟ್ಟು ಬರುವುದೇ ಇದಕ್ಕೆ. ಆದರೆ ಅವನನ್ನು ಬಿಟ್ಟು ಅವಳ ಕಥೆ ಹೇಳುವ ದಾರಿ ನನಗಂತೂ ತಿಳಿದಿಲ್ಲ.

ಕಾಕಾ ಎಂದರೆ ಅವಳ ಗಂಡ, ಅಕ್ಕೋಳದ ಭೀಮಗೊಂಡ ಪಾಟೀಲ, ನಮ್ಮ ತಂದೆಯ ತಮ್ಮ. 1979ರಲ್ಲಿ ಮುನಿ ಮಹಾರಾಜರು ನಮ್ಮೂರಲ್ಲಿ ಚಾತುರ್ಮಾಸಕ್ಕೆ ನಿಂತಾಗ ಅವನು ದಿಗ್ವ್ರತ ತೆಗೆದುಕೊಂಡ. ನಾಲ್ಕು ದಿಕ್ಕಿಗೂ ಗಡಿ ಹೇಳಿ, ಬದುಕಿರುವ ತನಕ ಅದರಾಚೆ ಕಾಲಿಡುವುದಿಲ್ಲ ಎಂಬ ವ್ರತ ಅದು. ತಿಳಿದವರು ಹಿಮಾಲಯ, ರಾಮೇಶ್ವರ ಎಂದು ದೂರದ ಗಡಿ ಹೇಳಿ ಆರಾಮಾಗಿ ಇರುತ್ತಾರೆ. ಕಾಕಾನಿಗೆ ಅದು ಕಳ್ಳಾಟ ಅನ್ನಿಸಿತು. ಬಸದಿ ತುಂಬಿದ ಜನಕ್ಕೆಲ್ಲ ಕೇಳುವಂತೆ ಪೂರ್ವಕ್ಕೆ ಅಥಣಿ, ಉತ್ತರಕ್ಕೆ ಪಂಚಗಂಗಾ ಹೊಳೆ, ದಕ್ಷಿಣಕ್ಕೆ ಘಟಪ್ರಭಾ ಹೊಳೆ ಎಂದ. ಪಶ್ಚಿಮಕ್ಕೆ ಬರುವಷ್ಟರಲ್ಲಿ ಯಾವ ಊರೂ ನೆನಪಾಗದೆ ಸಮುದ್ರ ಎಂದುಬಿಟ್ಟ. ಅಂದಿನಿಂದ ಊರಲ್ಲಿ ಅವನು ಗಡಿ ಭೀಮಗೊಂಡ.

ಕಾಕೂ ಯಾವ ವ್ರತವನ್ನೂ ತೆಗೆದುಕೊಂಡಿರಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ. ಆದರೂ ಗಂಡ ಹೋಗದ ಕಡೆ ಹೆಂಡತಿ ಹೇಗೆ ಹೋದಾಳು ಎಂದು ಮನೆಯವರೆಲ್ಲ ಅಂದುಕೊಂಡೆವು. ನಾನೂ ಅಂದುಕೊಂಡೆ, ಅದನ್ನೇಕೆ ಮುಚ್ಚಿಡಲಿ. 1981ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಊರಿಗೆ ಊರೇ ಬಸ್ಸು ಮಾಡಿಕೊಂಡು ಹೊರಟಿತು. ಕಾಕೂ ಎಲ್ಲರ ಬುತ್ತಿಗೂ ರೊಟ್ಟಿ ಬಡಿದು ಕೊಟ್ಟು, ಬಸ್ಸು ಕಣ್ಮರೆಯಾದ ಮೇಲೆ ಒಳಗೆ ಹೋಗಿ ಒಲೆ ಬಳಿದಳು. ಆಗ ಅವಳಿಗೆ ಮೂವತ್ತೊಂದು ವರ್ಷ.

ಹುಬ್ಬಳ್ಳಿಯಲ್ಲಿದ್ದ ಅವಳ ಅಕ್ಕ ಲಕ್ಷ್ಮಿಬಾಯಿಗೆ 1991ರ ಮಳೆಗಾಲದಲ್ಲಿ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ತಾಯಿಯಿಲ್ಲದ ಕುಸುಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅಕ್ಕ. ಒಮ್ಮೆ ಮುಖ ತೋರಿಸಿ ಹೋಗು ಎಂದು ಮೊಮ್ಮಗಳ ಕೈಯಲ್ಲಿ ಕಾಗದ ಬರೆಸಿದಳು. ಒಂದಲ್ಲ, ಐದು ಕಾಗದ. ಹುಬ್ಬಳ್ಳಿ ಘಟಪ್ರಭಾದ ಆಚೆ.

ದೀಪಾವಳಿಗೆ ನಾನು ಊರಿಗೆ ಬಂದಾಗ ಕಾಕೂ ನನ್ನೆದುರಿಗೇ ಕೇಳಿದಳು.

“ನೀವು ಬರೂದು ಬ್ಯಾಡ್ರಿ. ಧರಣೇಂದ್ರ ಅದಾನಲ್ಲ, ಅವನ ಕೂಡ ಹೋಗಿ ಬರ್ತೀನಿ,” ಎಂದು ನನ್ನತ್ತ ತೋರಿಸಿದಳು.

“ಗಡಿ ಆಚಿ ತಾ ಹೋಗೂದೂ ಒಂದ, ಇನ್ನೊಬ್ಬರನ್ನ ಕಳಸೂದೂ ಒಂದ,” ಎಂದ ಕಾಕಾ. “ಶಾಸ್ತ್ರದಾಗ ಹಂಗ ಐತಿ. ನಿನ್ನ ಕಳಿಸಿದ್ರ ನನ್ನ ವ್ರತಕ್ಕ ದೋಷ ಬರ್ತೈತಿ.”

ಶಾಸ್ತ್ರದಲ್ಲಿ ಅಂಥ ಮಾತು ಇರುವುದು ಖರೆ. ಕಾಕಾ ಸುಳ್ಳು ಹೇಳುವವನಲ್ಲ, ಅದೇ ದೊಡ್ಡ ತೊಂದರೆ. ಸುಳ್ಳನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕಾಕೂ ತಲೆ ತಗ್ಗಿಸಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ಮೂರು ತಿಂಗಳಲ್ಲಿ ಮತ್ತೆ ನಾಲ್ಕು ಸಲ ಕೇಳಿದಳಂತೆ, ನಾಲ್ಕು ಸಲವೂ ಅದೇ ಉತ್ತರ.

ಕಾಕಾನಿಗೂ ಒಳಗೊಳಗೇ ಕೆಟ್ಟದೆನಿಸಿರಬೇಕು. ನಾನಾಗ ದೇವಗಡದ ಬ್ಯಾಂಕಿನಲ್ಲಿ ಗುಮಾಸ್ತ. ನಿಪಾಣಿಯಿಂದ ಫೋಂಡಾ ಘಾಟು ಇಳಿದರೆ ದೇವಗಡ, ಸಮುದ್ರದ ದಂಡೆ. ಕಾಕಾನಿಗೆ ತೆರೆದಿದ್ದ ದಿಕ್ಕು ಅದೊಂದೇ. 1992ರ ಫೆಬ್ರವರಿಯಲ್ಲಿ ಹೆಂಡತಿಯನ್ನು ಕರೆದುಕೊಂಡು ನನ್ನ ಖೋಲಿಗೆ ಬಂದಿಳಿದ. ಅಕ್ಕನ ಮುಖ ನೋಡಬೇಕೆಂದವಳಿಗೆ ಸಮುದ್ರ ತೋರಿಸಲು ಬಂದಿದ್ದ ಪುಣ್ಯಾತ್ಮ. ಕಾಕೂ ಬ್ಯಾಗಿನಲ್ಲಿ ಆ ಐದು ಕಾಗದಗಳನ್ನೂ ತಂದಿದ್ದಳು.

ದೇವಗಡದಿಂದ ಖಾಡಿಯಲ್ಲಿ, ಅಂದರೆ ನದಿ ಸಮುದ್ರ ಕೂಡುವ ಅಳಿವೆಯಲ್ಲಿ, ಲಾಂಚಿನ ಮೇಲೆ ಸಾಗಿ ಅದರ ಬಾಯಿ ದಾಟಿದರೆ ಒಂದು ಕೊಲ್ಲಿ ಸಿಗುತ್ತದೆ. ಮೂರು ಕಡೆ ಕಡಿದಾದ ಗುಡ್ಡ, ರಸ್ತೆಯಿಲ್ಲ, ಮನೆಯಿಲ್ಲ. ಹಕ್ಕಿ, ಮೀನುಗಳದ್ದೇ ರಾಜ್ಯ. ಅಲ್ಲಿಗೆ ಕರೆದೊಯ್ಯಲು ಬಾಳು ಎಂಬ ಲಾಂಚಿನವನನ್ನು ಗೊತ್ತುಮಾಡಿದೆ. ಬೆಳಿಗ್ಗೆ ಏಳಕ್ಕೆ ದೋಣಿಗಳು ನಿಲ್ಲುವ ಧಕ್ಕೆಗೆ ಹೋದರೆ ಕಾಕಾ ಲಾಂಚಿನ ಹಲಗೆಯ ಮೇಲೆ ಕಾಲಿಡಲಿಲ್ಲ. ಸೋಸಿದ ನೀರಿನ ತಂಬಿಗೆ ಹಿಡಿದು ನಿಂತುಬಿಟ್ಟ.

“ಮೊದಲ ಇದನ್ನ ಹೇಳು. ಖಾಡಿ ಅಂದ್ರ ನದಿಯೋ, ಸಮುದ್ರೋ?”

ನಮ್ಮ ಕಡೆಯವರಿಗೆ ಮರಾಠಿ ಮನೆಮಾತಿನಷ್ಟೇ ಸಲೀಸು. ಬಾಳು ಮರಾಠಿಯಲ್ಲಿ ನಕ್ಕೋತ ಹೇಳಿದ: ಉಬ್ಬರದಾಗ ನೀರು ಒಳಗೆ ನುಗ್ಗುತ್ತದೆ, ಆಗ ಸಮುದ್ರದ್ದು, ಇಳಿತದಾಗ ಹೊರಗೆ ಹರಿಯುತ್ತದೆ, ಆಗ ನದಿಯದ್ದು, ಈಗ ಇಳಿತ. ಕಾಕಾ ಒಂದು ಗಳಿಗೆ ಯೋಚಿಸಿ, ಇಳಿತದ ನೀರು ನದಿಯ ನೀರು ಎಂದು ತೀರ್ಪು ಕೊಟ್ಟು ಹತ್ತಿದ. ಹೊಳೆಯ ದಂಡೆಯಲ್ಲಿ ಹುಟ್ಟಿದವನಿಗೆ, ಹರಿದುಹೋದ ನೀರು ಅದೇ ದಿನ ತಿರುಗಿ ಬಂದೀತು ಎನ್ನುವುದು ತಲೆಗೆ ಹೊಳೆಯಲಿಲ್ಲ.

ಎರಡೂ ದಡದಲ್ಲಿ ಉಪ್ಪುನೀರಿನ ಗಿಡಗಳು ಬೇರು ಬಿಟ್ಟುಕೊಂಡು ಕೆಸರಲ್ಲಿ ನಿಂತಿದ್ದವು. ಲಾಂಚು ನಿಧಾನಕ್ಕೆ ಹೋಯಿತು. ಒಂದು ಕಡೆ ನೀರುನಾಯಿಗಳ ಸಂಸಾರ ಮೈ ಒಣಗಿಸುತ್ತಿತ್ತು, ನಮ್ಮನ್ನು ಕಂಡು ಒಂದೊಂದಾಗಿ ಜಾರಿ ನೀರಿಗಿಳಿದವು. ಕಾಕೂ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲವನ್ನೂ ನೋಡಿದಳು. ಇಂಥ ಚೆಲುವಿನ ನಡುವೆ ಅವಳ ಮುಖ ನೋಡಲು ನನಗೆ ಕಷ್ಟವಾಯಿತು. ಅಲ್ಲಲ್ಲಿ ನಿಂತು, ಹಕ್ಕಿ ನೋಡಿ, ಖಾಡಿಯ ಬಾಯಿಗೆ ಬರುವಾಗ ಹನ್ನೊಂದಾಗಿತ್ತು.

ಅಲ್ಲಿ ಕಾಕಾ ಎದ್ದು ನಿಂತ. ನೀರ ಮೇಲೆ ನಮ್ಮ ಜೊತೆ ತೇಲಿ ಬರುತ್ತಿದ್ದ ಒಣ ಎಲೆಗಳು ಈಗ ಹಿಂದಕ್ಕೆ ಹೊರಟಿದ್ದವು.

“ನೀರು ತಿರುಗಿತಲ್ಲೋ. ಇದು ಉಬ್ಬರೇನು?”

ಹೌದು ಎಂದ ಬಾಳು.

“ಅಂದ್ರ ಸಮುದ್ರ. ನನ್ನ ಇಳಸು.”

ಎಷ್ಟು ಹೇಳಿದರೂ ಕೇಳಲಿಲ್ಲ. ತೀರ್ಪು ಅವನದೇ, ಮೀರುವುದು ಹೇಗೆ? ಬಾಯಿಯ ಪಕ್ಕದಲ್ಲಿ ಉಬ್ಬರಕ್ಕೂ ಮುಳುಗದ ಒಂದು ಮರಳ ದಿಬ್ಬವಿತ್ತು. ಬಾಳು ಲಾಂಚನ್ನು ಅಲ್ಲಿಗೆ ತಾಗಿಸಿದ. ಮತ್ತೆ ಇಳಿತ ಶುರುವಾಗುವುದು ಸಂಜೆ ಐದಕ್ಕೆ, ಅಲ್ಲಿಯ ತನಕ ಕೂರಬೇಕಾಗುತ್ತದೆ ಎಂದ. ಕೂರುತ್ತೇನೆ ಎಂದು ಕಾಕಾ ಧೋತರ ಎತ್ತಿ ಕಟ್ಟಿ ಇಳಿದ. ತಿರುಗಿ ಕಾಕೂನತ್ತ ಕೈ ಚಾಚಿದ.

“ಬಾ.”

ಕಾಕೂ ಎದ್ದಳು. ಹದಿಮೂರು ವರ್ಷದ ರೂಢಿ, ಕಾಲು ತಾನಾಗಿ ಮುಂದೆ ಹೋಯಿತು. ಒಂದು ಕೈಯಲ್ಲಿ ಬುತ್ತಿ, ಒಂದು ಕಾಲು ಲಾಂಚಿನ ಅಂಚಿನ ಮೇಲೆ. ಹಾಗೇ ನಿಂತಳು. ಎಂಜಿನ್ನು ಗುಡುಗುತ್ತಿತ್ತು, ಬಾಳು ಹಗ್ಗ ಹಿಡಿದು ಕಾಯುತ್ತಿದ್ದ. ಅವಳು ಬುತ್ತಿಯನ್ನು ಕಾಕಾನ ಚಾಚಿದ ಕೈಗೆ ಕೊಟ್ಟು, ಕಾಲು ಹಿಂದಕ್ಕೆ ತೆಗೆದುಕೊಂಡು, ಇದ್ದಲ್ಲೇ ಕೂತಳು.

“ಹೊತ್ತು ಮುಳುಗೂದ್ರೊಳಗ ಉಣ್ರಿ,” ಎಂದಳು.

“ನೀ ಎಲ್ಲಿ ಹೊಂಟಿ? ನಾ ನಿನ್ನ ಕಳಿಸಿಲ್ಲ.”

“ಹೌದ್ರಿ. ನೀವು ಕಳಿಸಿಲ್ಲ. ನಾ ಹೊಂಟೀನಿ.”

ಕಾಕಾ ಬುತ್ತಿ ಹಿಡಿದು ನಿಂತ. ಕಳಿಸದೆ ತಾನಾಗಿ ಹೋದರೆ ಶಾಸ್ತ್ರದಲ್ಲಿ ಗಂಡನಿಗೆ ದೋಷ ಹೇಳಿಲ್ಲವಲ್ಲ. ಲಾಂಚು ಬಾಯಿ ದಾಟಿ ಕೊಲ್ಲಿಗೆ ಹೊರಳಿತು. ಬಿಳಿ ಎದೆಯ ದೊಡ್ಡ ಗಿಡುಗವೊಂದು ಗುಡ್ಡದಿಂದ ಎದ್ದು ನಮ್ಮ ತಲೆಯ ಮೇಲೆ ಸುತ್ತಿತು. ಆಮೇಲೆ ಡಾಲ್ಫಿನ್‌ಗಳು ಬಂದವು, ಏಳೋ ಎಂಟೋ, ಲಾಂಚಿನ ಪಕ್ಕದಲ್ಲೇ ಬೆನ್ನು ತೋರಿಸಿ ಮುಳುಗಿ ಏಳುತ್ತ. ಬಾಳು ಎಂಜಿನ್ನು ನಿಲ್ಲಿಸಿದ. ಅವುಗಳ ಉಸಿರು ಕೇಳಿಸುವಷ್ಟು ಮೌನ. ಕಾಕೂ ಅಳುತ್ತಿದ್ದಳು. ಏನಾಯಿತು ಎಂದು ಕೇಳಿದೆ.

“ಹುಬ್ಬಳ್ಳಿಗೆ ಬಸ್ ಎಷ್ಟೊತ್ತಿಗೆ ಐತಿ?” ಎಂದಳು.

ನಿಪಾಣಿ ಬಸ್ಸು ಎರಡೂವರೆಗೆ, ಅಲ್ಲಿಂದ ಹುಬ್ಬಳ್ಳಿಗೆ ಬೇಕಾದಷ್ಟಿವೆ ಎಂದೆ. ಲಾಂಚು ತಿರುಗಿತು. ಮರಳ ದಿಬ್ಬದ ಹತ್ತಿರ ಬಂದಾಗ ಕಾಕಾ ನೀರಿನ ಅಂಚಿನಿಂದ ಮಾರು ದೂರದಲ್ಲಿ, ತಲೆಗೆ ಟವೆಲ್ಲು ಹೊದ್ದು ಕೂತಿದ್ದ. ಸುತ್ತ ನೂರಾರು ಹಕ್ಕಿಗಳು. ಉಬ್ಬರ ಇನ್ನೂ ಏರುತ್ತಿತ್ತು, ಅವನು ಹತ್ತುವ ಹಾಗಿರಲಿಲ್ಲ. ಕಾಕೂ ಲಾಂಚಿನಿಂದಲೇ ಗಟ್ಟಿಯಾಗಿ, “ಅಕ್ಕನ ಊರಿಗೆ ಹೋಗಿ ಬರ್ತೀನ್ರಿ,” ಎಂದಳು. ಅವನು ಎದ್ದು ನಿಂತ, ಕೈ ಎತ್ತಿದ, ಏನೋ ಅಂದ. ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ನನಗೆ ಮೊದಲ ಸಲ ಅವನ ಮೇಲೆ ಕರುಣೆ ಬಂತು. ಐದಕ್ಕೆ ಹೋಗಿ ಕಾಕಾನನ್ನು ಕರೆತರುವುದಾಗಿ ಬಾಳು ಮಾತು ಕೊಟ್ಟ, ಹಾಗೇ ತಂದ.

ಆ ರಾತ್ರಿ ಘಟಪ್ರಭಾದ ಸೇತುವೆಯ ಮೇಲೆ ನನ್ನ ಪಕ್ಕ ಕೂತ ಕಾಕೂ ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದಳು. ಬಸ್ಸು ಅರ್ಧ ನಿಮಿಷದಲ್ಲಿ ದಾಟಿತು. “ಇಷ್ಟ ಏನು?” ಎಂದು ನನ್ನನ್ನು ಕೇಳಿದಳು.

ಮರುದಿನ ಬೆಳಿಗ್ಗೆ ಲಕ್ಷ್ಮಿಬಾಯಿ ಹಾಸಿಗೆಯಲ್ಲಿ ತಂಗಿಯನ್ನು ಕಂಡು ಮೊದಲು ನಂಬಲಿಲ್ಲ. ಎಡಗೈಯಿಂದ ಅವಳ ಮುಖವೆಲ್ಲ ಸವರಿದಳು. ನಾಲಿಗೆ ತೊದಲುತ್ತಿತ್ತು.

“ಅವರು ಹ್ಯಾಂಗ ಬಿಟ್ರು?”

ಕಾಕೂ ಅಕ್ಕನ ಬಿದ್ದ ಕೈಯನ್ನು ತಿಕ್ಕತೊಡಗಿದಳು.

“ಈ ಸಲ ನಾ ಕೇಳಲಿಲ್ಲಕ್ಕಾ,” ಎಂದಳು. “ಇಷ್ಟು ವರ್ಷ ಸುಮ್ನ ಕೇಳ್ಕೋತ ಕುಂತೆ.”